ಕಣ್ಣಿಗೊತ್ತಿಕೊಂಡ ಪಿಸ್ತೂಲು

ನಾಳೆ ಆಯುಧಪೂಜೆ. ಬೆಳಿಗ್ಗೆ ಗ್ಯಾರೇಜು ಗುಡಿಸಿ, ಕಿರುಗುಟ್ಟುವ ಬಾಗಿಲಿನ ಕೀಲಿಗೆ ಎರಡು ಹನಿ ಮೆಷಿನ್ ಎಣ್ಣೆ ಬಿಟ್ಟೆ. ಆ ವಾಸನೆಗೆ ಪಕ್ಕದೂರು ಶ್ಯಾಂಟಿಲಿಯ ಹಳೆಯ ವಸ್ತುಗಳ ಮೇಳ ನೆನಪಾಯಿತು. ನಾವು ಹೋದದ್ದು ಮೂರು ವರ್ಷದ ಹಿಂದೆ, ನವರಾತ್ರಿಗೆ ಮುಂಚಿನ ಶನಿವಾರ. ದಿನಚರಿ ಬರೆಯುವವರ ಸಹವಾಸವೇ ಹೀಗೆ, ನೀವು ಕೇಳದಿದ್ದರೂ ವಾರ ಹೇಳಿಬಿಡುತ್ತೇವೆ.

ನನ್ನ ಕೆಲಸ ಆಶ್‌ಬರ್ನಿನ ಒಂದು ಡೇಟಾ ಸೆಂಟರಿನಲ್ಲಿ. ಅಲ್ಲಿ ಯಂತ್ರಗಳಿಗೆ ಐದು ವರ್ಷಕ್ಕೇ ಮುಪ್ಪು. ಯಾವುದನ್ನು ಕಳಚಿ ಎಸೆಯಬೇಕೆಂದು ಗುರುತು ಹಾಕುವವನು ನಾನೇ. ಅದಕ್ಕೋ ಏನೋ, ಸವೆದೂ ಉಳಿದಿರುವ ವಸ್ತು ಕಂಡರೆ ನನಗೆ ಆಸೆ. ಮೇಳದ ಜಾಹೀರಾತಿನಲ್ಲಿ ಕುದುರೆ ಸವಾರನೊಬ್ಬನ ಸೊಂಟದಲ್ಲಿದ್ದ ಹಳೆಯ ಪಿಸ್ತೂಲಿನ ಚಿತ್ರ ನೋಡಿದ ದಿನದಿಂದ ನನಗೆ ಬೇರೆ ಯೋಚನೆಯಿರಲಿಲ್ಲ. ನಮ್ಮ ಮನೆಯ ಆಯುಧಪೂಜೆಗೆ ಕೂರುತ್ತಿದ್ದದ್ದು ಲ್ಯಾಪ್‌ಟಾಪು, ಕಾರಿನ ಕೀ, ತರಕಾರಿ ಚಾಕು. ಹೆಸರಿಗಾದರೂ ಒಂದು ಆಯುಧ ಬೇಡವೇ, ನೀವೇ ಹೇಳಿ.

ಈ ದೇಶದಲ್ಲಿ ನಮ್ಮಂಥ ವೀಸಾದವರು ಕೊಳ್ಳಬಹುದೇ ಎಂದು ವಕೀಲರನ್ನು ಕೇಳಿ, ಇಷ್ಟು ಹಳೆಯದಾದರೆ ಅಡ್ಡಿಯಿಲ್ಲ ಎನ್ನಿಸಿಕೊಂಡೆ. ಅದರ ಲೋಹ, ಮುದ್ರೆ, ರಿಪೇರಿಯ ಬಗ್ಗೆ ಓದಿ ಪ್ರಶ್ನೆಗಳನ್ನು ಬರೆದಿಟ್ಟುಕೊಂಡೆ. ಹೆಂಡತಿ ವಿದ್ಯಾಳದು ಒಂದೇ ಪ್ರಶ್ನೆ. "ಹಬ್ಬದ ದಿನ ದೇವರ ಮುಂದೆ ಇಡ್ತೀಯ, ಸರಿ. ಮಿಕ್ಕಿದ್ ದಿನ ಎಲ್ಲಿಡ್ತೀಯ?" ಮೇಲಿನ ಕಪಾಟು, ಅದಕ್ಕೊಂದು ಬೀಗ ಎಂದೆ. ಅದೂ ನನ್ನ ತಯಾರಿಯಲ್ಲಿ ಸೇರಿತ್ತು.

ಮೇಳದಲ್ಲಿ ಅದನ್ನು ಮಾರುವವನು ಸೈನ್ಯದಲ್ಲಿದ್ದು ನಿವೃತ್ತನಾದ ಮುದುಕ. ಹಸಿರು ಬಟ್ಟೆಯ ಮೇಲೆ ಮೆಷಿನ್ ಎಣ್ಣೆಯ ವಾಸನೆ ಬೀರುತ್ತ ಪಿಸ್ತೂಲು ಮಲಗಿತ್ತು. ಹಿಡಿಯ ಮರ ಯಾರದೋ ಅಂಗೈಗೆ ಸವೆದು ನುಣುಪಾಗಿತ್ತು, ಕೊಳವೆಯ ಮೇಲಿನ ಅಕ್ಷರ ಅರ್ಧ ಅಳಿಸಿತ್ತು. ಅವನು ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಿ ನನ್ನ ಕೈಗೆ ಕೊಟ್ಟ. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ, ಕಣ್ಣಿಗೊತ್ತಿಕೊಂಡೆ.

ಯೋಚಿಸಿ ಮಾಡಿದ್ದಲ್ಲ. ಹೊಸ ಪುಸ್ತಕ, ಮೊದಲ ಸಂಬಳದ ಚೆಕ್ಕು, ಕಾರಿನ ಕೀ, ಯಾವುದು ಕೈಗೆ ಬಂದರೂ ಹೀಗೆ ಮಾಡಿಯೇ ಬೆಳೆದವನು. ಮುದುಕ ನನ್ನ ಮಣಿಕಟ್ಟು ಹಿಡಿದು ಮೆಲ್ಲನೆ ಕೆಳಗಿಳಿಸಿದಾಗಲೇ ಕೊಳವೆಯ ಬಾಯಿ ನನ್ನ ಹಣೆಗೆ ನೆಟ್ಟಿತ್ತೆಂದು ತಿಳಿದದ್ದು. ಗುಂಡಿರಲಿ ಇಲ್ಲದಿರಲಿ ಮುಖದ ಕಡೆಗೆ ಮಾತ್ರ ತಿರುಗಿಸಬೇಡ ಎಂದ. ನಮ್ಮ ಪದ್ಧತಿಯನ್ನು ವಿವರಿಸಿದೆ. ಗೌರವದಿಂದ ಕೇಳಿಸಿಕೊಂಡ, ಪಿಸ್ತೂಲನ್ನು ತಾನೇ ಬಟ್ಟೆಯ ಮೇಲಿಟ್ಟ.

ಆಗ ವಿದ್ಯಾಳ ಸೊಂಟದ ಮೇಲಿದ್ದ ಮಗಳು ಧೃತಿ ಎರಡೂ ಕೈ ಚಾಚಿದಳು. ಮೂರು ವರ್ಷದವಳು. "ಅಪ್ಪ, ಮೀ ಟೂ. ಕಣ್ಣಿಗೆ."

ಅವಳಿಗೆ ಅದನ್ನು ಕಲಿಸಿದವನು ನಾನು. ರಿಮೋಟಿಗೆ ಕಾಲು ತಾಗಿದರೂ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಬಂದವರೆಲ್ಲ ಮೆಚ್ಚುತ್ತಿದ್ದರು, ನಾನು ಬೀಗುತ್ತಿದ್ದೆ.

ವಿದ್ಯಾ ದನಿಯೇರಿಸಲಿಲ್ಲ. "ನಮ್ಮನೇಲಿ ಲಾಕ್ ಮಾಡ್ತೀಯ, ಒಪ್ಕೊಂಡೆ. ನಾಳೆ ಇನ್ಯಾರದೋ ಮನೇಲಿ ಇಂಥದ್ದು ಇವಳ ಕೈಗೆ ಸಿಕ್ಕಿದ್ರೆ?"

ಬರೆದುಕೊಂಡು ಹೋಗಿದ್ದ ಯಾವ ಪ್ರಶ್ನೆಯನ್ನೂ ನಾನು ಕೇಳಲಿಲ್ಲ. ಮುದುಕನಿಗೆ ಥ್ಯಾಂಕ್ಸ್ ಹೇಳಿ ಬರಿಗೈಯಲ್ಲಿ ಹೊರಟೆವು. ದಾರಿಯಲ್ಲಿ ಇಡ್ಲಿ ತಿಂದೆವು. ಆ ಹಿಡಿಯ ನುಣುಪು ಕೆಲವು ದಿನ ಅಂಗೈಯಲ್ಲೇ ಇತ್ತು, ಸುಳ್ಳು ಹೇಳುವುದಿಲ್ಲ. ಧೃತಿಗೆ ಮಾತ್ರ ಅಂದಿನಿಂದ ಹೊಸ ಪಾಠ: ಗೊತ್ತಿಲ್ಲದ್ದನ್ನು ಮುಟ್ಟುವ ಮೊದಲು ಕೇಳು. ಎಲ್ಲದರಲ್ಲೂ ದೇವರಿದ್ದಾನೆ ಎಂದು ಹೇಳಿಕೊಟ್ಟ ಬಾಯಲ್ಲಿ ಇದನ್ನು ಹೇಳಲು ನನಗೆ ಸ್ವಲ್ಪ ಕಷ್ಟವಾಯಿತು.

ಇವತ್ತು ಪೂಜೆಗೆ ಉಪಕರಣಗಳನ್ನು ಒರೆಸಿಡುತ್ತಿದ್ದಾಗ ಸ್ಕ್ರೂಡ್ರೈವರ್ ಉರುಳಿ ಅವಳ ಪಾದಕ್ಕೆ ತಾಗಿತು. ಈಗ ಅವಳಿಗೆ ಆರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಅಪ್ಪ, ಇದು ಮುಟ್ಟಬಹುದಾ?"

"ಮುಟ್ಟಬಹುದು ಪುಟ್ಟಿ."

ಬಗ್ಗಿ ಎತ್ತಿಕೊಂಡಳು. ಒಂದು ಕ್ಷಣ ನೋಡಿ ಮೊನೆಯನ್ನು ಆಚೆಗೆ ತಿರುಗಿಸಿ, ಹಿಡಿಯನ್ನು ಮಾತ್ರ ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು.