ಬಿರಾದಾರ ಸರ್ ಕೇಳಿದ ಸಮುದ್ರ

ನೀರಿನ ಕ್ಯಾನಿಲ್ಲದೆ ಬಿರಾದಾರ ಸರ್ ನಮ್ಮೂರು ಇಂಡಿ ದಾಟಿದ್ದನ್ನು ನಾನು ಕಂಡಿಲ್ಲ. ಸಿಂದಗಿಯ ಮದುವೆಗೆ ಹೋದರೂ ಮನೆಯ ನೀರೇ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಾಗಲೂ ಕ್ರೂಸರ್ ಗಾಡಿಗೆ ಎರಡು ಕ್ಯಾನು ಏರಿಸಿದರು.

"ಅಲ್ಲಿ ಹೆಜ್ಜಿಗೊಂದು ಹಳ್ಳ ಅಂತ ನೀವೇ ಪಾಠ ಮಾಡ್ತೀರಲ್ರಿ ಸರ್" ಎಂದೆ.

"ಪಾಠದಾಗಿನ ಮಳಿ ಕುಡ್ಯಾಕ ಬರ್ತೈತೇನೋ?" ಎಂದು ಗದರಿಸಿದರು.

ಅವರು ಮೂವತ್ತು ವರ್ಷ ಭೂಗೋಳ ಕಲಿಸಿದವರು. ನಾನು ಅವರ ಶಿಷ್ಯ, ಆಮೇಲೆ ಅದೇ ಶಾಲೆಯ ಮಾಸ್ತರ. ಪಶ್ಚಿಮ ಘಟ್ಟವನ್ನು ನಕಾಶೆ ನೋಡದೆ ಒಂದೇ ಎಳೆತಕ್ಕೆ ಬೋರ್ಡಿಗೆ ಇಳಿಸುತ್ತಿದ್ದರು. "ಇದರ ತುದಿಗಿ ನಿಂತ್ರ ಸಮುದ್ರ ಕಾಣತೈತಿ" ಎನ್ನುತ್ತಿದ್ದರು. ಸ್ವತಃ ನೋಡಿರಲಿಲ್ಲ. ನಿವೃತ್ತಿಗೆ ಮುಂಚಿನ ದಸರಾ ಸೂಟಿಯಲ್ಲಿ ನೋಡಿಯೇ ಬಿಡಬೇಕೆಂದು ಶಾಲೆಯ ಮಾಸ್ತರರನ್ನು ಕಟ್ಟಿಕೊಂಡು ಹೊರಟರು. ಗಾಡಿ ಗೊತ್ತು ಮಾಡಿದ್ದು, ಅರಣ್ಯದ ಪರವಾನಗಿ ತೆಗೆಸಿದ್ದು, ಹೋಟೆಲ್ ಖರ್ಚು ಬೇಡವೆಂದು ನಮಗೆಲ್ಲ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿದ್ದು ಅವರೇ.

ಗುಡ್ಡ ಏರಲು ಹಿಡಿದು ಅರ್ಧ ತಾಸಾಗಿರಲಿಲ್ಲ, ಸರ್ ಎರಡು ಸಲ ಕೂತರು. ಸಂಜೆಯೊಳಗೆ ಎಲ್ಲರೂ ಇಳಿಯಬೇಕೆಂದು ಗೈಡ್ ಮೊದಲೇ ಹೇಳಿದ್ದ. ನಮ್ಮ ಆಟದ ಮಾಸ್ತರ ಪಾಟೀಲ, "ಸರ್, ನೀವು ಗಾಡಿ ಕಡೆ ಹೋಗಿ ಕೂಡ್ರಿ. ನಿಮ್ಮ ಸಲುವಾಗಿ ನಾವೂ ಅರ್ಧಕ್ಕ ಹೊಳ್ಳಬೇಕಾಗ್ತೈತಿ" ಅಂದ.

"ಸಾವಕಾಶ ಬರ್ತೇನಿ. ಒಬ್ಬರು ನನ್ನ ಜೋಡಿ ಇರ್ರಿ" ಎಂದು ಸರ್ ನನ್ನ ಕಡೆ ನೋಡಿದರು.

ನಾನು ಬಗ್ಗಿ ಬೂಟಿನ ಲಾಡಿ ಕಟ್ಟತೊಡಗಿದೆ. ಅದು ಬಿಗಿಯಾಗಿಯೇ ಇತ್ತು. ತಲೆ ಎತ್ತಿದಾಗ ಸರ್ ಒಬ್ಬರೇ ಗಾಡಿಯ ಕಡೆ ಇಳಿಯುತ್ತಿದ್ದರು. ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ತುದಿಯಲ್ಲಿ ನಾವೇನು ಕಡಿದು ಗುಡ್ಡೆ ಹಾಕಿದೆವು? ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆದುಕೊಂಡೆವು, ಕೂಗಾಡಿದೆವು, ಸರ್ ಕಟ್ಟಿಸಿದ ರೊಟ್ಟಿಯನ್ನೇ ತಿಂದು ಇಳಿದೆವು.

ಸರ್ ಕ್ಯಾನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಎಲ್ಲರಿಗೂ ನೀರು ಕೊಟ್ಟರು, ಪಾಟೀಲನಿಗೇ ಮೊದಲು. ನನ್ನ ಸರದಿ ಬಂದಾಗ ಮೆಲ್ಲಗೆ ಕೇಳಿದರು. "ಸಮುದ್ರ ಕಾಣಿಸ್ತೇನೋ?"

ನಾವ್ಯಾರೂ ಆ ಕಡೆ ತಿರುಗಿಯೂ ನೋಡಿರಲಿಲ್ಲ.

"ಕಾಣಿಸ್ತ್ರಿ ಸರ್. ನೀಲಿ ಇತ್ರಿ."

ಸೂಟಿ ಮುಗಿದ ಮೇಲೆ ಅದೇ ಪಾಠ ಮಾಡುವಾಗ ಅವರು ಬಾಗಿಲ ಮುಂದೆ ಹಾದು ಹೊರಟಿದ್ದ ನನ್ನನ್ನು ಮಕ್ಕಳಿಗೆ ತೋರಿಸಿದರು. "ಸಮುದ್ರ ನೀಲಿ ಕಾಣತೈತಿ. ಈ ನಿಮ್ಮ ಸರ್ ಕಣ್ಣಾರೆ ನೋಡಿ ಬಂದಾರ." ಮೂವತ್ತು ವರ್ಷದ ಅವರ ಪಾಠದಲ್ಲಿ ಒಂದು ಸುಳ್ಳು ಸೇರಿದ್ದರೆ ಅದು ನಾನು ಸೇರಿಸಿದ್ದು.

ಸರ್ ತೀರಿಕೊಂಡು ಎರಡು ವರ್ಷ. ಆ ಪಾಠ ಈಗ ನನ್ನದು. ಪಾಟೀಲನ ಮೇಲಿನ ಸಿಟ್ಟು ಎಂದಾದರೂ ಇಳಿದೀತು, ನನ್ನ ಮೇಲಿನದು ಇಳಿಯುವುದಿಲ್ಲ. ಹೋದ ವಾರ ಒಬ್ಬ ಹುಡುಗಿ ಎದ್ದು ನಿಂತು, "ಸಮುದ್ರ ನೀವು ನೋಡೀರೇನ್ರಿ ಸರ್?" ಎಂದಳು.

"ಇಲ್ಲವ್ವ" ಎಂದೆ. "ನೋಡಾವರನ್ನ ಕೆಳಗ ಬಿಟ್ಟು ಹೋಗಿದ್ವಿ."