ಹೊಸ್ತಿಲ ಮುಂದೆ ಅಂಟಿಸಿದ ರಂಗೋಲಿ

ಹನೋಯಿಯಿಂದ ಬಂದಿಳಿದು, ಹುಣಸಮಾರನಹಳ್ಳಿ ದಾಟಿ, ಯಲಹಂಕದ ನನ್ನ ಬಾಡಿಗೆ ಮನೆಯ ಮುಂದೆ ಕ್ಯಾಬ್ ನಿಂತಾಗ ಬಿಸಿಲು ಏರಿತ್ತು. ಗೇಟು ತೆಗೆದು ನೋಡುತ್ತೇನೆ, ನನ್ನ ಬಾಗಿಲ ಮುಂದಿನ ರಂಗೋಲಿಯನ್ನು ಯಾರೋ ಕೆರೆದು ಹಾಕಿದ್ದಾರೆ. ರಂಗೋಲಿಯನ್ನು ಕೆರೆಯುವುದು ಹೇಗೆ ಎಂದು ಊರಿನಲ್ಲಿ ಕೂತ ನೀವು ಕೇಳಬಹುದು. ನನ್ನದು ಪುಡಿಯ ರಂಗೋಲಿಯಲ್ಲ, ಯಶವಂತಪುರದ ಸಂತೆಬೀದಿಯಲ್ಲಿ ಕೊಂಡ ಪ್ಲಾಸ್ಟಿಕ್ ಸ್ಟಿಕ್ಕರ್. ಅರ್ಧ ಕಮಲ ಎದ್ದು ಹೋಗಿತ್ತು, ಇನ್ನರ್ಧ ಹಟ ಹಿಡಿದು ನೆಲಕ್ಕೆ ಅಂಟಿಕೊಂಡಿತ್ತು. ನೆಲದ ಮೇಲೆ ಚಾಕುವಿನ ಗೀರುಗಳಿದ್ದವು. ನಾನು ಕೆಲಸಕ್ಕೆಂದು ಅಲೆದ ಯಾವ ದೇಶದಲ್ಲೂ ನನ್ನನ್ನು ಯಾರೂ ಹೀಗೆ ಬರಮಾಡಿಕೊಂಡಿರಲಿಲ್ಲ.

ಮೇಲಿನ ಮಹಡಿಯಿಂದ ಓನರ್ ಸರೋಜಮ್ಮ ಬಗ್ಗಿ ನೋಡಿದರು. ನಾನು ಹೆಗಲ ಚೀಲ ಇಳಿಸುವ ಮೊದಲೇ, ಬೇರೆ ಮನೆ ನೋಡಿಕೊಂಡರೆ ಇಬ್ಬರಿಗೂ ಒಳ್ಳೆಯದು ಎಂದು ಹೇಳಿ ಒಳಗೆ ಹೋದರು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಗದಗಿನ ಕಡೆಯವಳು, ಮದುವೆಯಾಗಿಲ್ಲ, ಪಶುವೈದ್ಯೆ. ಕೋಳಿಮರಿಗಳಿಗೆ ಹಾಕುವ ಲಸಿಕೆ ಮಾರುವ ಕಂಪನಿಯೊಂದರಲ್ಲಿ ಕೆಲಸ. ವಿಯೆಟ್ನಾಂ, ಇಂಡೋನೇಷ್ಯಾ, ಬಾಂಗ್ಲಾದೇಶಗಳ ಮರಿ ಮಾಡುವ ಕೇಂದ್ರಗಳಿಗೆ ಹೋಗಿ, ಲಸಿಕೆಯನ್ನು ಹೇಗೆ ಇಡಬೇಕು, ಹೇಗೆ ಹಾಕಬೇಕು ಎಂದು ಕಲಿಸಿ ಬರುತ್ತೇನೆ. ಜೀವಮಾನದಲ್ಲಿ ಒಂದು ಮೊಟ್ಟೆಯನ್ನೂ ಬಾಯಿಗಿಟ್ಟವಳಲ್ಲ. ಇದನ್ನು ಹೇಳಿದರೆ ಅಲ್ಲಿಯವರೂ ನಗುತ್ತಾರೆ, ಇಲ್ಲಿಯವರೂ ನಗುತ್ತಾರೆ.

ವಿಮಾನ ನಿಲ್ದಾಣಕ್ಕೆ ಹತ್ತಿರವಾಗಲಿ ಎಂದು ಬೆಂಗಳೂರಿನ ಈ ಬಡಗಣ ಭಾಗದಲ್ಲಿ ಮನೆ ಹುಡುಕಿದೆ. ಹೆಬ್ಬಾಳದಲ್ಲಿ ಗಂಡ ಎಲ್ಲಿ ಎಂದು ಕೇಳಿದರು. ಆರ್.ಟಿ. ನಗರದಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದರು. ನಾಗಸಂದ್ರದಲ್ಲಿ ಒಬ್ಬಾತ ನನ್ನ ಕೆಲಸ ಕೇಳಿದ ಮೇಲೆ ಮನೆ ಖಾಲಿಯೇ ಇಲ್ಲ ಎಂದುಬಿಟ್ಟ. ಕೊನೆಗೆ ಸಿಕ್ಕಿದ್ದು ಸರೋಜಮ್ಮನವರ ಕೆಳಮನೆ. ಕೋಳಿ ಡಾಕ್ಟ್ರು ಅಂತೀರಾ, ಕೋಳಿ ತಿನ್ನಲ್ವಾ ಎಂದು ಅವರು ಬೇರೆ ಬೇರೆ ರೀತಿಯಲ್ಲಿ ವಿಚಾರಿಸಿಕೊಂಡೇ ಬೀಗದ ಕೈ ಕೊಟ್ಟರು. ಆ ಮನೆಯ ಗ್ಯಾಸ್ ನನ್ನ ಹೆಸರಿನಲ್ಲಿದೆ. ಗೋಡೆಗೆ ನನ್ನ ಹೆಸರಿನ ಫಲಕ ಹೊಡೆದಿದ್ದೇನೆ. ಅಪ್ಪನ ಮನೆಯದ್ದಲ್ಲದ, ಹಾಸ್ಟೆಲಿನದ್ದಲ್ಲದ ನನ್ನ ಮೊದಲ ಬಾಗಿಲು ಅದು. ಅದನ್ನು ಬಿಡು ಎಂದರೆ ಸುಮ್ಮನೆ ಬಿಡಲಾಗುತ್ತದೆಯೇ?

ಹೊರದೇಶದಲ್ಲಿ ಬದುಕುವುದು ಇದಕ್ಕಿಂತ ಸುಲಭ ಎಂದರೆ ನೀವು ನಂಬಲಿಕ್ಕಿಲ್ಲ. ಕಷ್ಟ ಅಲ್ಲಿಯೂ ಇದೆ. ವಿಯೆಟ್ನಾಮಿನಲ್ಲಿ ಸೊಪ್ಪಿನ ಪಲ್ಯಕ್ಕೂ ನುಕ್ ಮಾಮ್ ಹಾಕುತ್ತಾರೆ, ಅಂದರೆ ಮೀನನ್ನು ಉಪ್ಪಿನಲ್ಲಿ ಕೊಳೆಸಿ ಇಳಿಸಿದ ರಸ. ನಾನು ಮೊದಲು ಕಲಿತದ್ದು 'ಆನ್ ಚಾಯ್' ಎನ್ನುವುದನ್ನು. ಸಸ್ಯಾಹಾರಿ ಎಂದು ಅರ್ಥ. ಅದನ್ನು ಹೇಳಿದ ಕೂಡಲೇ ಅಡುಗೆಯಾಕೆ ತಲೆಯಾಡಿಸಿ ತೋಫು ತಂದಿಟ್ಟಳು, ಮುಂದೆ ಏನನ್ನೂ ಕೇಳಲಿಲ್ಲ. ಇಂಡೋನೇಷ್ಯಾದಲ್ಲಿ 'ಬೇಸೊಕ್' ಎಂದರೆ ನಾಳೆ, ಆದರೆ ಆ ನಾಳೆ ಯಾವಾಗ ಬರುತ್ತದೆ ಎನ್ನುವುದು ದೇವರಿಗೂ ಗೊತ್ತಿಲ್ಲ. ಮರಿ ಕೇಂದ್ರಗಳಲ್ಲಂತೂ ಒಳಗೆ ಹೋಗುವಾಗ ತಲೆಗೆ ಸ್ನಾನ, ಹೊರಗೆ ಬರುವಾಗ ಮತ್ತೆ ಸ್ನಾನ. ರೋಗ ಒಳಗೆ ಹೋಗಬಾರದಲ್ಲ. ನನ್ನ ಕೂದಲು ಒಣಗಿದ್ದನ್ನು ನಾನು ಪ್ರವಾಸದಲ್ಲಿ ಕಂಡೇ ಇಲ್ಲ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯನ್ನು ಗೇಟಿನವನು ಬೆರಳಿನಿಂದ ಟಕಟಕ ಬಡಿದು ನೋಡಿ, ಶೇಂಗಾ ಚಟ್ನಿಯ ಜೊತೆ ತನ್ನ ಮೇಜಿನ ಮೇಲೆಯೇ ಇಟ್ಟುಕೊಂಡ. ಸಂಜೆ ಹೊರಬಂದಾಗ ಚಟ್ನಿ ಸ್ವಲ್ಪ ಕಡಿಮೆಯಾಗಿತ್ತು. ಆದರೂ ಅಲ್ಲಿನ ನಿಯಮಗಳನ್ನು ಗೋಡೆಯ ಮೇಲೆ ಚಿತ್ರ ಸಮೇತ ಅಂಟಿಸಿರುತ್ತಾರೆ. ಯಲಹಂಕದಲ್ಲಿ ನಿಯಮ ಇರುವುದೇ ಗೊತ್ತಾಗುವುದಿಲ್ಲ, ತಪ್ಪಿದ ಮೇಲೆ ಗೊತ್ತಾಗುತ್ತದೆ.

ಆ ನಿಯಮ ಇಷ್ಟು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು. ಬರಿದಾದ ಬಾಗಿಲೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ನಮ್ಮಲ್ಲೂ ಇದೇ ಅಲ್ಲವೇ? ಅವ್ವ ಥಳಿ ಹೊಡೆದು, ಅಂದರೆ ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಹಾಕಿದ ಮೇಲೆಯೇ ಚಹಾ. ನಾನು ಮನೆಯಲ್ಲಿದ್ದಾಗ ಇಲ್ಲಿಯೂ ತಪ್ಪಿಸಿದವಳಲ್ಲ. ಆದರೆ ವಾರಗಟ್ಟಲೆ ಊರೂರು ಅಲೆಯುವವಳು ಏನು ಮಾಡಬೇಕು? ಈ ಊರಿನಲ್ಲಿ ಯಾರಿಗೂ ತೊಂದರೆ ಕೊಡಬಾರದು, ಯಾರ ಹಂಗಿಗೂ ಬೀಳಬಾರದು ಎಂದು ಬಂದ ಹೊಸತರಲ್ಲೇ ತೀರ್ಮಾನಿಸಿದ್ದೆ. ಅದಕ್ಕೇ ಈ ಸಲ ಹನೋಯಿಗೆ ಹೊರಡುವ ಮೊದಲು ಸ್ಟಿಕ್ಕರ್ ತಂದು ಅಂಟಿಸಿದ್ದೆ. ಮಳೆಗೂ ಹೋಗುವುದಿಲ್ಲ, ಬಿಸಿಲಿಗೂ ಮಾಸುವುದಿಲ್ಲ. ವಿಡಿಯೋ ಕಾಲಿನಲ್ಲಿ ಗದಗಿನ ಮನೆಯವರಿಗೆಲ್ಲ ತೋರಿಸಿ, ಎಷ್ಟು ಚಂದ ನೋಡಿ ಎಂದು ಮೆರೆದಿದ್ದೆ.

ಸ್ನಾನವನ್ನೂ ಮಾಡದೆ ಮೆಟ್ಟಿಲು ಹತ್ತಿ ಸರೋಜಮ್ಮನವರ ಮುಂದೆ ನಿಂತೆ. ಬಾಡಿಗೆ ತಡ ಮಾಡಿಲ್ಲ, ಗಲಾಟೆ ಮಾಡಿಲ್ಲ, ಒಂದು ಸ್ಟಿಕ್ಕರಿಗೆ ಮನೆ ಬಿಡಿಸುತ್ತೀರಾ ಎಂದು ಕೇಳಿದೆ. ಧ್ವನಿ ಏರಿತ್ತು. ಅವರು ಬಿಡಿಸುತ್ತಿದ್ದ ಅವರೆಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅದು ಬಿಡಿ ಡಾಕ್ಟ್ರಮ್ಮ. ಕೆರ್ದಿದ್ದು ನಾನೇ. ಹೋಗ್ತಿದೀನಿ ಅಂತ ಒಂದ್ ಮಾತ್ ಹೇಳಿದ್ರೆ ನಾನ್ ಹಾಕ್ತಿರ್ಲಿಲ್ವಾ? ಮೇಲ್ಗಡೆ ಮನುಷ್ಯರೇ ಇಲ್ಲ ಅನ್ನೋ ಹಂಗೆ ಪ್ಲಾಸ್ಟಿಕ್ ಅಂಟಿಸ್ ಹೋಗ್ತೀರಾ. ಬೀದಿಯವ್ರು ನನ್ನ ಕೇಳ್ತಾರೆ."

ನನಗೆ ಇನ್ನಷ್ಟು ಸಿಟ್ಟು ಬಂತು. ನಾನು ಏನು ತಿನ್ನುತ್ತೇನೆ, ಯಾಕೆ ಮದುವೆಯಾಗಿಲ್ಲ, ಸಂಬಳ ಎಷ್ಟು ಎಂದೆಲ್ಲ ಕೇಳಿದವರು, ಬಂದ ದಿನ ಒಂದು ಲೋಟ ನೀರು ಬೇಕೇ ಎಂದು ಕೇಳಿರಲಿಲ್ಲ. ಅಂಥವರಿಗೆ ನನ್ನ ಬಾಗಿಲನ್ನು ನೋಡಿಕೊಳ್ಳಿ ಎಂದು ಯಾವ ಬಾಯಿಂದ ಹೇಳಲಿ? ಇದನ್ನೂ ಹೇಳಿಬಿಟ್ಟೆ. ಅವರು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಮನೆ ಬಿಡುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೆಳಗಿಳಿದು ಬಂದು, ಉಳಿದ ಅರ್ಧ ಕಮಲವನ್ನು ಚಮಚದಿಂದ ನಾನೇ ಕೆರೆದು ತೆಗೆದೆ.

ಮುಂದಿನ ಪ್ರವಾಸ ಬಾಲಿಗೆ. ಅಲ್ಲಿ ಬೆಳಿಗ್ಗೆ ಪ್ರತಿ ಬಾಗಿಲಲ್ಲೂ ಚಾನಂಗ್ ಇಡುತ್ತಾರೆ. ತೆಂಗಿನ ಎಳೆಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಮೇಲೊಂದು ಊದುಬತ್ತಿ. ಮರಿ ಕೇಂದ್ರದ ಆಫೀಸಿನ ಬಾಗಿಲಿಗೆ ಅದನ್ನು ಇಡುತ್ತಿದ್ದವಳು ಲೆಕ್ಕ ಬರೆಯುವ ವಯಾನ್. ಒಂದು ದಿನ ಅವಳು ಊರಿನ ಪೂಜೆಗೆಂದು ಹೊರಟಳು. ಹೋಗುವಾಗ ತಟ್ಟೆಗಳ ಬುಟ್ಟಿಯನ್ನು ಪಕ್ಕದ ಮೇಜಿನವಳ ಮುಂದಿಟ್ಟು ಏನೋ ಒಂದು ಮಾತು ಹೇಳಿದಳು, ಆ ಪಕ್ಕದವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೂಂಗುಟ್ಟಿದಳು. ಅಷ್ಟೇ. ಅವರಿಬ್ಬರಿಗೂ ಮಾತು ಬಿಟ್ಟು ಎಷ್ಟೋ ದಿನವಾಗಿತ್ತು ಎಂದು ಡ್ರೈವರ್ ಆಮೇಲೆ ಹೇಳಿದ. ಜಗಳ ಒಂದು ಕಡೆ, ಬಾಗಿಲು ಒಂದು ಕಡೆ. ನಮ್ಮೂರಿನಲ್ಲಿಯೂ ಅವ್ವ ಯಾತ್ರೆಗೆ ಹೊರಟರೆ ಎದುರುಮನೆಯ ಗಂಗಕ್ಕನಿಗೆ ಕೂಗಿ ಹೇಳುತ್ತಿದ್ದಳಲ್ಲ! ನನಗೆ ಅದು ನೆನಪಾಗಲು ಸಮುದ್ರ ದಾಟಬೇಕಾಯಿತು. ನೆನಪಾಗಿದ್ದಕ್ಕೂ ಸಿಟ್ಟೇ ಬಂತು.

ಬಾಲಿಯಿಂದಲೇ ಸರೋಜಮ್ಮನವರಿಗೆ ಫೋನ್ ಮಾಡಿದೆ. ಇನ್ನೊಂದು ವಾರ ಬರುವುದಿಲ್ಲ, ಬಾಗಿಲಿಗೆ ನೀರು ಹಾಕುತ್ತೀರಾ ಎಂದು ಕೇಳಿದೆ. ನೀವು ಹೋದ ದಿನದಿಂದ ಹಾಕ್ತಾನೇ ಇದೀನಿ ಎಂದು ಸಿಡುಕಿ ಫೋನಿಟ್ಟರು. ಮನೆ ಬಿಡುವ ಮಾತನ್ನು ಆಮೇಲೆ ಅವರು ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಅವರಿಗೆ ನನ್ನ ಮೇಲೆ ಅಕ್ಕರೆ ಬಂತು ಎಂದೇನೂ ತಿಳಿಯಬೇಡಿ. ನೀರಿನ ಟ್ಯಾಂಕರ್ ಬಂದಾಗ ನನ್ನ ಸಂಪು ಕೊನೆಗೇ ತುಂಬುವುದು.

ಈ ಸಲ ದೀಪಾವಳಿಗೆ, ಸರೋಜಮ್ಮನವರಿಗೆ ಒಂದು ಮಾತು ಹೇಳಿ, ಗದಗಿಗೆ ಹೋದೆ. ಆಟೋದಿಂದ ಇಳಿದು ಕಟ್ಟೆ ಹತ್ತಿದರೆ, ಅವ್ವನ ಹೊಸ್ತಿಲ ಮುಂದೆ ಅದೇ ಪ್ಲಾಸ್ಟಿಕ್ ಕಮಲ. ಬಣ್ಣವೂ ಅದೇ. ತಮ್ಮನ ಹೆಂಡತಿ ಶಿಲ್ಪಾ ನನ್ನ ವಿಡಿಯೋ ಕಾಲಿನಲ್ಲಿ ನೋಡಿ ತರಿಸಿದ್ದಳಂತೆ. ಬೆಳಿಗ್ಗೆ ಅವಳು ಶಾಲೆಗೆ ಪಾಠ ಮಾಡಲು ಓಡಬೇಕು, ಅವ್ವನಿಗೆ ಮೊಣಕಾಲು ಮಡಚಲು ಬರುವುದಿಲ್ಲ. ನನಗೆ ಏನಾಯಿತೋ, ಅಡುಗೆಮನೆಯಿಂದ ಚಮಚ ತಂದು ಕೂತು ಕೆರೆಯತೊಡಗಿದೆ. ಓಣಿಯಲ್ಲಿ ಮನುಷ್ಯರೇ ಇಲ್ಲವೇನು, ಗಂಗಕ್ಕನಿಗೆ ಒಂದು ಮಾತು ಹೇಳಿದ್ದರೆ ಹಾಕುತ್ತಿರಲಿಲ್ಲವೇ ಎಂದು ಬೈದೆ. ಬೈಯುವಾಗಲೇ ಇದು ಯಾರ ಮಾತು ಎಂದು ಗೊತ್ತಾಯಿತು.

ಶಿಲ್ಪಾ ಸಿಟ್ಟು ಮಾಡಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮೆತ್ತಗೆ ಕೇಳಿದಳು.

"ಅಕ್ಕಾರ, ದಿನಾ ಮುಂಜಾನೆ ಎದ್ದು ಹಾಕಾಕ ನೀವು ಇಲ್ಲಿ ಇರ್ತೀರೇನು?"

ಇರಲಿ ಬಿಡವಾ ಎಂದು ಅವ್ವ ಒಳಗಿನಿಂದ ಕೂಗಿದಳು. ಅದು ಯಾರಿಗೆ ಹೇಳಿದ್ದು ಎಂದು ನಾನು ಕೇಳಲಿಲ್ಲ. ಚಮಚ ಕೆಳಗಿಟ್ಟೆ. ಒಂದು ಎಸಳು ಆಗಲೇ ಕಿತ್ತುಹೋಗಿತ್ತು. ಆ ಜಾಗವನ್ನು ರಂಗೋಲಿ ಪುಡಿಯಿಂದ ತುಂಬಿದೆ. ಮಾರನೆಯ ಬೆಳಿಗ್ಗೆ ಅವ್ವ ನೀರು ಚಿಮುಕಿಸಿದಾಗ ನಾನು ತುಂಬಿದ ಆ ಎಸಳು ಮಾತ್ರ ತೊಳೆದುಹೋಯಿತು.

ಹಬ್ಬ ಮುಗಿಸಿ ಯಶವಂತಪುರದಲ್ಲಿ ರೈಲು ಇಳಿದು ಯಲಹಂಕಕ್ಕೆ ಬಂದೆ. ನನ್ನ ಹೆಸರಿನ ಫಲಕದ ಕೆಳಗೆ ನೆಲ ಇನ್ನೂ ಒದ್ದೆಯಿತ್ತು. ಅದರ ಮೇಲೆ ಚುಕ್ಕಿ ಇಟ್ಟು ಸುತ್ತು ಎಳೆದ, ನನಗೆ ಬಾರದ ಈ ಕಡೆಯ ರಂಗೋಲಿ. ತುಳಿಯಬಾರದೆಂದು ಚೀಲವನ್ನು ಎತ್ತಿ ಹಿಡಿದು, ಗೋಡೆಗೆ ಆತುಕೊಂಡು, ಬೇರೆಯವರ ಮನೆಗೆ ಬಂದವಳ ಹಾಗೆ ನನ್ನ ಮನೆಯೊಳಗೆ ಹೋದೆ.