ರಂಗೋಲಿ ಪುಡಿಯ ಮೇಲೆ ನಿಂತ ಕುದುರೆಗಳು

ಯಾರಾದರೂ ನನ್ನೆದುರು ನಕ್ಕರೆ ನಾನು ಮೊದಲು ನೋಡುವುದು ಹಲ್ಲು. ಕೆಟ್ಟ ಅಭ್ಯಾಸವೇ, ಆದರೆ ಹೊಟ್ಟೆಪಾಡಿನದು. ರಾಜಾಜಿನಗರದ ಒಂದು ಸಣ್ಣ ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ಮಾಡುವುದು ನನ್ನ ಕೆಲಸ. ಡಾಕ್ಟರು ಅಳತೆ ಕಳಿಸುತ್ತಾರೆ. ನಾವು ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಸಣ್ಣ ಬ್ರಶ್ಶಿನ ತುದಿಯಿಂದ ಪದರ ಪದರವಾಗಿ ಕೂರಿಸಿ, ಕುಲುಮೆಯಲ್ಲಿ ಸುಟ್ಟು ವಾಪಸ್ ಕಳಿಸುತ್ತೇವೆ. ಬಾಯಿಗೆ ಹೋದ ಮೇಲೆ ಅದು ಕಟ್ಟಿಸಿದ ಹಲ್ಲು ಅಂತ ಯಾರಿಗೂ ಗೊತ್ತಾಗಬಾರದು. ಗೊತ್ತಾಗದಿದ್ದರೆ ಹೊಗಳುವವರೂ ಇರುವುದಿಲ್ಲ. ಹಾಗಾಗಿ ನನ್ನನ್ನು ನಾನೇ ಹೊಗಳಿಕೊಳ್ಳುವುದು ರೂಢಿಯಾಗಿದೆ, ಮನೆಯಲ್ಲಿ ಸಹಿಸಿಕೊಂಡಿದ್ದಾರೆ.

ಮನೆಯಲ್ಲಿ ಅಂದರೆ ಅಮ್ಮ ಒಬ್ಬಳೇ. ಗೋವಿಂದರಾಜನಗರದ ನಮ್ಮ ಮನೆಯಲ್ಲಿ ಕೆಳಗೆ ನಾವಿಬ್ಬರು, ಮೇಲೆ ಬಾಡಿಗೆಯವರು. ಹೋದ ವರ್ಷ ಬೇಸಿಗೆಯ ಕೊನೆಯಲ್ಲಿ ಅಮ್ಮ ನಿಪ್ಪಟ್ಟು ಕಡಿಯಲು ಹೋಗಿ ಮುಂದಿನ ಹಲ್ಲು ಮುರಿದುಕೊಂಡಳು. ಹಲ್ಲಿನ ಡಾಕ್ಟರು ರೂಟ್ ಕೆನಾಲ್ ಮುಗಿಸಿ ಅಳತೆ ತೆಗೆದುಕೊಂಡರು. ನಾನೇ ಮಾಡುತ್ತೇನೆ, ಇಡೀ ಬಡಾವಣೆಯಲ್ಲಿ ಅಂಥ ಹಲ್ಲು ಯಾರ ಬಾಯಲ್ಲೂ ಇರಬಾರದು ಎಂದು ನಾನು ಜಂಬ ಕೊಚ್ಚಿಕೊಂಡೆ. ಅದೇ ವಾರ ಮಾಗಡಿ ರಸ್ತೆಯಲ್ಲಿ ಮಳೆನೀರಿಗೆ ಸ್ಕೂಟರ್ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿಯಿತು.

ಮೂಳೆ ಕೂಡಿಕೊಂಡಿತು. ನರ ಮಾತ್ರ ಮುನಿಸಿಕೊಂಡೇ ಇತ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಏನು ಹಿಡಿದರೂ ಕೈ ನಡುಗುತ್ತಿತ್ತು. ಚಮಚದಲ್ಲಿದ್ದ ಸಾರು ಬಾಯಿ ಸೇರುವಷ್ಟರಲ್ಲಿ ಅರ್ಧ ಅಂಗಿಯ ಮೇಲಿರುತ್ತಿತ್ತು. ಕೈ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಮೂಳೆ ಡಾಕ್ಟರು. ಲ್ಯಾಬಿನ ಯಜಮಾನರು ದೊಡ್ಡ ಮನಸ್ಸು ಮಾಡಿ ನನ್ನ ಸ್ಟೂಲಿನ ಮೇಲೆ ಬೇರೆ ಯಾರನ್ನೂ ಕೂರಿಸಲಿಲ್ಲ. ಅಮ್ಮನ ಹಲ್ಲನ್ನು ಪಕ್ಕದ ಬೆಂಚಿನವರಿಂದ ಮಾಡಿಸಿ ಕೊಡುತ್ತೇನೆ ಎಂದೂ ಹೇಳಿದರು. ಅಮ್ಮ ಬಿಲ್‌ಕುಲ್ ಒಪ್ಪಲಿಲ್ಲ.

"ನೀನೇ ಮಾಡು. ನನಗೇನು ಈಗ ಮದುವೆ ಆಗ್ಬೇಕಾ? ಕಾಯ್ತೀನಿ," ಎಂದಳು.

ಹಲ್ಲಿನ ಡಾಕ್ಟರು ಹಾಕಿದ್ದ ತಾತ್ಕಾಲಿಕ ಕ್ಯಾಪು ಬಿದ್ದುಹೋಯಿತು. ಅದನ್ನೂ ಮತ್ತೆ ಹಾಕಿಸಿಕೊಳ್ಳಲಿಲ್ಲ. ಜೋರಾಗಿ ನಗುವ ಹೆಂಗಸು ನಮ್ಮಮ್ಮ, ನಗು ಬಂದಾಗಲೆಲ್ಲ ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿಯತೊಡಗಿದಳು. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಫಿಸಿಯೋ ಹೇಳಿದಂತೆ ಬಟಾಣಿ ಹೆಕ್ಕುತ್ತಿದ್ದೆ, ಚಪಾತಿ ಹಿಟ್ಟು ನಾದುತ್ತಿದ್ದೆ, ಆಮೇಲೆ ಬೇಜಾರಾಗಿ ಎರಡನ್ನೂ ಬಿಟ್ಟು ಟಿವಿ ಮುಂದೆ ಕೂತುಬಿಡುತ್ತಿದ್ದೆ.

ಆಗ ಬಂದವರು ಮಹಡಿಯ ಮೇಷ್ಟ್ರು. ಹಾವೇರಿ ಕಡೆಯವರು, ವಿಜಯನಗರದ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾರೆ, ಮದುವೆಯಾಗಿಲ್ಲ. ಒಳ್ಳೆ ಸಾಲುಹಲ್ಲು, ಸ್ವಲ್ಪ ಅಡಿಕೆ ಕಲೆ. ಭಾನುವಾರ ಕೆಂಗೇರಿ ಉಪನಗರದ ಸ್ನೇಹಿತರೊಬ್ಬರ ಮನೆಗೆ ಹೋಗಿ ಯುದ್ಧ ಮಾಡುವುದು ಅವರ ಹುಚ್ಚು. ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಟೇಪು ಹಿಡಿದು ದೂರ ಅಳೆದು ಕಾದಾಡುವ ಆಟ ಅದು. ಗಂಡಸರು ವಯಸ್ಸಿಗೆ ಬಂದು ಹೀಗಾದರಲ್ಲ ಎಂದು ಅಮ್ಮ ಮೊದಮೊದಲು ಮರುಗುತ್ತಿದ್ದಳು. ಮೇಷ್ಟ್ರ ಹತ್ತಿರ ಯೂರೋಪಿನ ಮಧ್ಯಯುಗದ ಒಂದು ಕುದುರೆ ದಂಡು ಇತ್ತು. ಉಕ್ಕಿನ ಅಂಗಿ ತೊಟ್ಟ ಸವಾರರು, ಕೈಯಲ್ಲಿ ಭರ್ಜಿ, ಕುದುರೆಗಳಿಗೆ ಮೊಣಕಾಲಿನವರೆಗೆ ಇಳಿಬಿದ್ದ ಬಟ್ಟೆಯ ಜೂಲು. ಎಲ್ಲವೂ ಬೂದು ಪ್ಲಾಸ್ಟಿಕ್ಕು, ಒಂದಕ್ಕೂ ಬಣ್ಣವಿಲ್ಲ. ಬಣ್ಣವಿಲ್ಲದ ಸೈನ್ಯ ಮೇಜು ಹತ್ತುವಂತಿಲ್ಲ ಎಂಬುದು ಕೆಂಗೇರಿ ಮನೆಯ ಕಾನೂನು. ಮೇಷ್ಟ್ರಿಗೆ ಬಣ್ಣ ಹಚ್ಚುವ ತಾಳ್ಮೆಯಿಲ್ಲ. ಅವರು ಬೇರೆಯವರ ಕುದುರೆ ಕಡ ತಂದು ಆಡಿ, ಸೋತು, ಬೈಸಿಕೊಂಡು ಬರುತ್ತಿದ್ದರು.

ನೀವು ಬ್ರಶ್ಶಿನ ಕೆಲಸದವರು, ಇವಕ್ಕೆ ಬಣ್ಣ ಹಚ್ಚಿಕೊಡಿ ಎಂದು ಪೆಟ್ಟಿಗೆಯನ್ನು ನನ್ನ ಮುಂದಿಟ್ಟರು. ನನಗೆ ಸಿಟ್ಟೇ ಬಂತು. ನಡುಗುವ ಕೈಯನ್ನು ಅವರ ಮುಖದ ಮುಂದೆ ಹಿಡಿದು ತೋರಿಸಿದೆ.

"ಕೆಟ್ರ ಕೆಡ್ಲಿ ಬಿಡ್ರಿ. ಹೆಂಗಿದ್ರೂ ನನ್ ಕೈಯಾಗ ಸಾಯಾಕ ಹೊಂಟಾವ," ಎಂದರು ಮೇಷ್ಟ್ರು.

ಆ ಮಾತಿಗೆ ನಾನು ಇವತ್ತಿಗೂ ಋಣಿ. ಅಲ್ಲಿಯವರೆಗೆ ನನ್ನ ಕೈಗೆ ಎಲ್ಲರೂ ಧೈರ್ಯ ಹೇಳಿದ್ದರು, ಸರಿಹೋಗುತ್ತದೆ ಎಂದಿದ್ದರು. ಕೆಟ್ಟರೂ ಪರವಾಗಿಲ್ಲ ಎಂದವರು ಅವರೊಬ್ಬರೇ.

ಮೊದಲು ತಳದ ಕೆಲಸದಿಂದ ಶುರುಮಾಡಿ ಎಂದು ಅವರೇ ಹೇಳಿಕೊಟ್ಟರು. ಕುದುರೆಗಳನ್ನು ಎರಡೆರಡು ಮೂರುಮೂರರಂತೆ ಸಣ್ಣ ಬಿಲ್ಲೆಗಳ ಮೇಲೆ ಅಂಟಿಸಿರುತ್ತಾರೆ. ಮುಂದಾಳಿನದು ಮಾತ್ರ ಒಂಟಿ ಬಿಲ್ಲೆ. ಆ ಬಿಲ್ಲೆ ನೆಲದಂತೆ ಕಾಣಬೇಕು, ಮಣ್ಣು, ಹುಲ್ಲು, ಒಂದೆರಡು ಕಲ್ಲು. ಗೋಂದು ಬಳಿದು ಮರಳು ಉದುರಿಸಿದರೆ ಆಯಿತು, ನಡುಗುವ ಕೈಗೂ ಅದು ದಕ್ಕುತ್ತದೆ. ಬೀದಿಯ ಮರಳು ನನಗೆ ತೀರಾ ಒರಟು ಅನ್ನಿಸಿತು. ಲ್ಯಾಬಿನಲ್ಲಿ ನುಣ್ಣನೆ ಪುಡಿ ಕಂಡವನಲ್ಲವೇ, ಬುದ್ಧಿ ಓಡಿಸಿದೆ. ಅಡುಗೆಮನೆ ಡಬ್ಬದಿಂದ ಚಿರೋಟಿ ರವೆ ತೆಗೆದು ಗೋಂದಿನ ಮೇಲೆ ಉದುರಿಸಿದೆ. ಒಣಗಿದ ಮೇಲೆ ಕಂದು ಬಳಿದೆ. ಎಷ್ಟು ಚೆನ್ನಾಗಿ ಬಂತೆಂದರೆ ಮೇಷ್ಟ್ರನ್ನು ಮೇಲಿನಿಂದ ಕೂಗಿ ಕರೆಸಿ ತೋರಿಸಿದೆ. ಸೈನ್ಯವನ್ನೆಲ್ಲ ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ನಿಲ್ಲಿಸಿದೆ.

ಎರಡು ಮೂರು ದಿನ ಬಿಟ್ಟು ನೋಡಿದರೆ ಕಿಟಕಿಯ ಸಂದಿಯಿಂದ ಕಟ್ಟೆಯವರೆಗೆ ಕೆಂಪಿರುವೆಗಳ ಸಾಲು. ಯುದ್ಧಭೂಮಿಯನ್ನು ಕಾಳು ಕಾಳಾಗಿ ಬಿಡಿಸಿಕೊಂಡು ಹೊತ್ತೊಯ್ಯುತ್ತಿದ್ದವು. ಕುದುರೆಗಳು ಬೋಳು ಬಿಲ್ಲೆಯ ಮೇಲೆ ಕಾಲೆತ್ತಿ ನಿಂತಿದ್ದವು. ಅಮ್ಮ ಬಂದು ನೋಡಿದಳು. ಹಿಂದೆ ಇರುವೆ ತಿನ್ನಲಿ ಅಂತಲೇ ಅಕ್ಕಿಹಿಟ್ಟಿನ ರಂಗೋಲಿ ಬಿಡುತ್ತಿದ್ದರು, ನೀನು ರವೆ ಉಂಡೆಯನ್ನೇ ಬಡಿಸಿದ್ದೀಯಲ್ಲ ಎಂದು ಗೋಡೆಗೆ ಒರಗಿ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ. ಆಮೇಲೆ ಬಾಗಿಲ ಹಿಂದಿನ ಡಬ್ಬದಿಂದ ತನ್ನ ರಂಗೋಲಿ ಪುಡಿ ತಂದುಕೊಟ್ಟಳು. ಈಗಿನದು ಕಲ್ಲಿನ ಪುಡಿ, ಇರುವೆ ಮೂಸುವುದೂ ಇಲ್ಲ. ಎದುರು ಕಟ್ಟಡ ಕೆಲಸದವರನ್ನು ಕೇಳಿ ಒಂದು ಹಿಡಿ ಮರಳು ತಂದು, ಟೀ ಸೋಸುವ ಜರಡಿಯಲ್ಲಿ ಜಾಲಿಸಿ ಅದಕ್ಕೆ ಬೆರೆಸಿದಳು. ಕೆರೆದು ತೆಗೆದು ಮತ್ತೆ ಮೊದಲಿಂದ ಶುರುಮಾಡಿದೆ. ಆ ನೆಲದಿಂದ ಇವತ್ತಿಗೂ ಒಂದು ಕಾಳು ಕದಲಿಲ್ಲ.

ತಳ ಮುಗಿದ ಮೇಲೆ ಕುದುರೆಗೆ ಕೈ ಹಾಕಿದೆ. ಬ್ರಶ್ಶಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಚೂರುಪಾರನ್ನು ಉಬ್ಬಿದ ಜಾಗಗಳ ಮೇಲೆ ಒಣಒಣಗೆ ಸವರುವ ಒಂದು ಕ್ರಮವಿದೆ. ಕುದುರೆಯ ಕೇಸರ, ಬಾಲ, ಸವಾರನ ಉಕ್ಕಿನ ಬಳೆ ಹೆಣೆದ ಅಂಗಿ ಎಲ್ಲವೂ ಹಾಗೆಯೇ. ಈ ಕೆಲಸಕ್ಕೆ ಕೈ ನಡುಗಿದಷ್ಟೂ ಒಳ್ಳೆಯದು ಎಂದು ಕಂಡುಕೊಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬಟಾಣಿಯ ಮುಂದೆ ಸೋತ ಕೈ ಇಲ್ಲಿ ಗೆಲ್ಲುತ್ತಿತ್ತು. ಮೊಣಕೈಯನ್ನು ಮೇಜಿಗೆ ಊರಿ, ಎರಡೂ ಕಿರುಬೆರಳುಗಳನ್ನು ಒಂದಕ್ಕೊಂದು ತಾಗಿಸಿ, ಉಸಿರು ಬಿಡುತ್ತಾ ಗೆರೆ ಎಳೆದರೆ ನಡುಕ ಸ್ವಲ್ಪ ಹಿಡಿತಕ್ಕೆ ಬರುತ್ತದೆ ಎಂಬುದೂ ಆಗಲೇ ಗೊತ್ತಾಯಿತು. ಜೂಲಿನ ಅಂಚು, ಗುರಾಣಿಯ ಪಟ್ಟೆ, ಕೊನೆಗೆ ಲಗಾಮು, ಹೀಗೆ ದಪ್ಪದಿಂದ ಸಣ್ಣದಕ್ಕೆ ಇಳಿದೆ. ಶ್ರಾವಣ ಕಳೆಯಿತು, ಗಣಪತಿಯೂ ನೀರಿಗೆ ಹೋದ. ಸಂಜೆ ಅಮ್ಮ ಕಾಫಿ ತಂದಿಟ್ಟು ನನ್ನ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಹಲ್ಲಿನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಾಳಿನ ಕುದುರೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದು ಬಿಳಿ ಇರಲಿ ಎಂದು ಮೇಷ್ಟ್ರ ಆಸೆ. ಬಿಳಿ ಬಣ್ಣ ಬಳಿದೆ, ಸುಣ್ಣ ಹೊಡೆದ ಗೋಡೆ ಹಾಗೆ ಕಂಡಿತು. ಅಳಿಸಿದೆ. ಮತ್ತೆ ಬಳಿದೆ, ಮತ್ತೆ ಅದೇ. ಆಮೇಲೆ ನನ್ನ ಕಸುಬು ನೆನಪಾಗಿ ನಗು ಬಂತು. ಹಲ್ಲು ಬಿಳಿ ಅಂತ ಎಲ್ಲರೂ ಹೇಳುತ್ತಾರೆ, ಬರೀ ಬಿಳಿಯ ಹಲ್ಲು ಯಾರ ಬಾಯಲ್ಲೂ ಇರುವುದಿಲ್ಲ. ಒಸಡಿನ ಹತ್ತಿರ ಹಳದಿ, ನಡುವೆ ಕೆನೆ, ತುದಿಯಲ್ಲಿ ತುಸು ನೀಲಿ. ಕುದುರೆಗೂ ಹಾಗೇ ಮಾಡಿದೆ. ಹೊಟ್ಟೆಯ ಕೆಳಗೆ ಹಳದಿ, ಬೆನ್ನಿಗೆ ಕೆನೆ, ಮೂತಿಗೆ ನೀಲಿ ಬೆರೆತ ಬೂದು, ಪದರದ ಮೇಲೆ ಪದರ. ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಈ ಕುದುರೆಗೆ ವಯಸ್ಸು ಅನ್ನೋದೊಂದು ಇದೆ ನೋಡಿ ಎಂದರು. ನನ್ನ ಕೆಲಸವನ್ನು ಬೇರೆಯವರು ಹೊಗಳಿದ್ದು ಅದೇ ಮೊದಲಿರಬೇಕು.

ವಾರ್ನಿಶ್ ಒಣಗಲೆಂದು ಸೈನ್ಯವನ್ನು ಕಿಟಕಿ ಕಟ್ಟೆಯ ಮೇಲೇ ಬಿಟ್ಟಿದ್ದೆ. ನವರಾತ್ರಿ ಬಂತು. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅಮ್ಮ ಗೊಂಬೆ ಕೂರಿಸಿದ್ದಳು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ನಡುವೆ ಮದುವೆ ದಿಬ್ಬಣ, ದಿನಸಿ ಅಂಗಡಿಯ ಶೆಟ್ಟರು, ಕೆಳಗಿನ ಮೆಟ್ಟಿಲಲ್ಲಿ ಯೂರೋಪಿನ ಕುದುರೆ ದಂಡು. ಕಳಶವೂ ಆಗಿತ್ತು, ಆರತಿಯೂ ಆಗಿತ್ತು. ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ಮೇಷ್ಟ್ರ ಯುದ್ಧ ಅದರ ಮಧ್ಯದ ಭಾನುವಾರವೇ ಇತ್ತು, ಬಣ್ಣದ ಸೈನ್ಯದೊಂದಿಗೆ ಬರುತ್ತೇನೆ ಎಂದು ಅವರು ಕೆಂಗೇರಿಯಲ್ಲೆಲ್ಲ ಡಂಗುರ ಸಾರಿದ್ದರು.

ಭಾನುವಾರ ಬೆಳಿಗ್ಗೆ ಸ್ಪಂಜು ಹಾಸಿದ ಪೆಟ್ಟಿಗೆ ಹಿಡಿದು ಇಳಿದು ಬಂದರು. ಗೊಂಬೆ ನೋಡಿದರು. ವಿಷಯ ತಿಳಿದು ಅಮ್ಮನ ಮುಖ ಸಣ್ಣದಾಯಿತು, ದೇವರಿಗೆ ತಪ್ಪುಕಾಣಿಕೆ ಇಟ್ಟು ತೆಗೆದುಕೊಡುತ್ತೇನೆ ಎಂದಳು. ಮೇಷ್ಟ್ರು ಬೇಡವೆಂದರು. ಕೂತವರನ್ನು ಎಬ್ಬಿಸುವುದು ಸರಿಯಲ್ಲ ಎಂದು ಹೇಳಿ, ಗೊಂಬೆಗಳಿಗೆ ಕೈಮುಗಿದು, ಖಾಲಿ ಪೆಟ್ಟಿಗೆಯಲ್ಲಿ ಅಮ್ಮ ಕಟ್ಟಿಕೊಟ್ಟ ಕಡಲೆ ಉಸಲಿ ಹಾಕಿಕೊಂಡು ಹೊರಟರು. ಆ ದಿನ ಅವರು ಆಡಲೇ ಇಲ್ಲವಂತೆ, ಬೇರೆಯವರ ದಾಳ ಹೆಕ್ಕಿಕೊಟ್ಟು ಬಂದರಂತೆ. ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದು ಹೇಳಲಾರೆ.

ವಿಜಯದಶಮಿ ಸಂಜೆ ಆರತಿಯಾದ ಮೇಲೆ ಗೊಂಬೆ ಮಲಗಿಸುವ ಶಾಸ್ತ್ರ. ಅಮ್ಮ ಪಟ್ಟದ ರಾಜನನ್ನು ಪಕ್ಕಕ್ಕೆ ಮಲಗಿಸಿದಳು. ಕುದುರೆಗಳಿಗೂ ಸುಸ್ತಾಗಿರುತ್ತೆ, ಅವುಗಳ ಮುಂದಾಳನ್ನೂ ಮಲಗಿಸಬೇಕು ಎಂದಳು. ಅದು ಒತ್ತಾಗಿ ನಿಂತ ಭರ್ಜಿಗಳ ನಡುವೆ ಇತ್ತು, ತನ್ನ ದಪ್ಪ ಬೆರಳಿಗೆ ಆಗುವುದಿಲ್ಲ ನೀನೇ ಮಾಡು ಎಂದಳು. ನಾನು ಬಗ್ಗಿ, ಬಿಲ್ಲೆಯ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ಅಕ್ಕಪಕ್ಕದ ಭರ್ಜಿ ತಾಗದಂತೆ ಮೇಲೆತ್ತಿ, ಬಿಳಿ ಕುದುರೆಯನ್ನು ರಾಜನ ಪಕ್ಕದಲ್ಲಿ ಮೆಲ್ಲಗೆ ಮಲಗಿಸಿದೆ. ತಲೆಯೆತ್ತಿ ನೋಡಿದರೆ ಅಮ್ಮ ಕುದುರೆಯನ್ನು ನೋಡುತ್ತಲೇ ಇರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು.

"ನಡುಗ್ಲಿಲ್ಲ ಕಣೋ," ಎಂದಳು.

ನನಗೆ ಅದು ಗೊತ್ತೇ ಆಗಿರಲಿಲ್ಲ.

ಮರುದಿನ ಲ್ಯಾಬಿಗೆ ಹೋಗಿ ನನ್ನ ಸ್ಟೂಲಿನ ಮೇಲೆ ಕೂತೆ. ಅಮ್ಮನ ಅಳತೆಗೆ ಕಟ್ಟಿದ ಮೊದಲ ಹಲ್ಲು ಕೆಟ್ಟಿತು, ತುದಿ ದಪ್ಪವಾಯಿತು. ಕೆಟ್ಟರೆ ಕೆಡಲಿ ಬಿಡಿ ಎಂಬ ಮೇಷ್ಟ್ರ ಮಾತು ನೆನಪಿಸಿಕೊಂಡು, ಮೊಣಕೈ ಊರಿ, ಕಿರುಬೆರಳು ತಾಗಿಸಿ, ಇನ್ನೊಂದು ಕಟ್ಟಿದೆ. ಒಸಡಿನ ಕಡೆ ಹಳದಿ, ನಡುವೆ ಕೆನೆ, ತುದಿಯಲ್ಲಿ ತುಸು ನೀಲಿ, ಅಮ್ಮನ ವಯಸ್ಸಿಗೆ ತಕ್ಕ ಒಂದು ಸಣ್ಣ ಗೆರೆ. ಕುಲುಮೆಯಿಂದ ಹೊರಬಂದಾಗ ಪಕ್ಕದ ಬೆಂಚಿನವರು ನೋಡಿ ತಲೆಯಾಡಿಸಿದರು. ಅದೇ ವಾರ ಡಾಕ್ಟರು ಅದನ್ನು ಕೂರಿಸಿದರು. ಅಮ್ಮ ಕನ್ನಡಿಯಲ್ಲಿ ನೋಡಿಕೊಂಡು ಚೆನ್ನಾಗಿದೆ ಎಂದಳು. ಸೆರಗು ಮಾತ್ರ ಅಭ್ಯಾಸಬಲಕ್ಕೆ ಬಾಯಿಗೆ ಬರುತ್ತಲೇ ಇತ್ತು.

ಮುಂದಿನ ಭಾನುವಾರ ಮೇಷ್ಟ್ರು ಕೊನೆಗೂ ತಮ್ಮ ಸೈನ್ಯ ತೆಗೆದುಕೊಂಡು ಕೆಂಗೇರಿಗೆ ಹೋದರು. ಸಂಜೆ ಅಮ್ಮ ಬಾಗಿಲಲ್ಲಿ ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ಹೊತ್ತು ಬಂದರು. ಏನಾಯಿತೆಂದು ಕೇಳಿದೆವು. ಎಲ್ಲರೂ ಕುದುರೆಗಳನ್ನು ಮುಟ್ಟಿ ಮುಟ್ಟಿ ನೋಡಿದರಂತೆ, ತಳದ ಮಣ್ಣು ಯಾವ ದೇಶದ್ದು ಎಂದು ಕೇಳಿದರಂತೆ. ಆಮೇಲೆ ಯುದ್ಧ ಶುರುವಾದ ಕೂಡಲೇ ಮೇಷ್ಟ್ರ ದಾಳಕ್ಕೆ ಒಂದು ಬಿದ್ದು, ನಿಯಮದ ಪ್ರಕಾರ ಬಿಳಿ ಕುದುರೆಯ ಮುಂದಾಳೇ ಹೆದರಿ ಎಲ್ಲರಿಗಿಂತ ಮೊದಲು ಮೇಜು ಬಿಟ್ಟು ಓಡಿಹೋದನಂತೆ.

"ಅಷ್ಟ್ ಚೆಂದ ಬಣ್ಣ ಹಚ್ಚಿದ್ರಲ್ರಿ, ಸಾಯಾಕ ಅದಕ್ಕ ಮನಸ್ಸಾಗ್ಲಿಲ್ಲ," ಎಂದರು.

ಅಮ್ಮ ಬಾಗಿಲಿಗೆ ಒರಗಿ ನಕ್ಕಳು. ಬೀದಿಗೆಲ್ಲ ಕೇಳುವಂತೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಒಂದು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದಿದ್ದಳು, ಇನ್ನೊಂದು ಕೈ ಹೊಟ್ಟೆ ಹಿಡಿದುಕೊಂಡಿತ್ತು. ಸೆರಗು ಹೆಗಲ ಮೇಲೇ ಇತ್ತು.